ಚೌಕ ಬೀಳುವುದು ಎಷ್ಟು ಸಲಕ್ಕೊಮ್ಮೆ?

ಮಳೆಗಾಲದ ಒಂದು ಸಂಜೆ. ಕರೆಂಟು ಹೋಗಿತ್ತು. ಪಾಠ ನಡೆಯುವ ಹಾಗಿರಲಿಲ್ಲ. ಲಾಟೀನು ಹಚ್ಚಿ ಎಲ್ಲರೂ ಸುತ್ತ ಕೂತೆವು. ಹೂ ಕಟ್ಟುವ ಅಕ್ಕ ಸೆರಗಿನ ಗಂಟು ಬಿಚ್ಚಿ ನಾಲ್ಕು ಕವಡೆ ತೆಗೆದರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದು ಸಾಲು ಬರೆದರು. ಸಾಲಿಗೆ ಐದು ಮನೆ. ಚೌಕಾಬಾರ ಶುರುವಾಯಿತು.

ಈ ಆಟ ನಿಮಗೆಲ್ಲ ಗೊತ್ತು. ಬಾಯಿ ಮೇಲಾಗಿ ಬಿದ್ದ ಕವಡೆ ಎಣಿಸಬೇಕು. ಒಂದು ಮೇಲಾದರೆ ಒಂದು ಮನೆ. ಎರಡಾದರೆ ಎರಡು ಮನೆ. ಮೂರಾದರೆ ಮೂರು. ನಾಲ್ಕೂ ಬಾಯಿ ಮೇಲಾದರೆ ಚೌಕ. ಅದಕ್ಕೆ ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರಾ. ಅದಕ್ಕೆ ಎಂಟು ಮನೆ. ಚೌಕ, ಬಾರಾ ಬಿದ್ದವರು ಇನ್ನೊಂದು ಸಲ ಹಾಕಬಹುದು. ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಬದಿ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಆಡುತ್ತಾರೆ.

ಸ್ವಲ್ಪ ಹೊತ್ತು ಆಡಿದ ಮೇಲೆ ಬೀಡಿ ಕಟ್ಟುವ ಅಕ್ಕನಿಗೆ ಸಿಟ್ಟು ಬಂತು.

"ನನ್ನ ಕೈಗುಣವೇ ಸರಿಯಿಲ್ಲ. ಬರೀ ಎರಡೇ ಬೀಳುತ್ತೆ."

"ನಂಗೂ ಅಷ್ಟೇ ಕಣೆ" ಅಂದರು ಇನ್ನೊಬ್ಬರು.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ನಕ್ಕರು. "ಎಲ್ಲರಿಗೂ ಎರಡೇ ಹೆಚ್ಚು ಬೀಳೋದು ಕಣ್ರೇ. ಅರವತ್ತು ವರ್ಷದಿಂದ ಆಡ್ತಿದೀನಿ. ಚೌಕ, ಬಾರಾ ಅಪರೂಪ."

ಅಜ್ಜಿ ಹೇಳಿದ್ದು ನಿಜ. ಆದರೆ ಯಾಕೆ ಹಾಗೆ? ಚೌಕ ಯಾಕೆ ಅಪರೂಪ? ಎಷ್ಟು ಅಪರೂಪ? ಇದಕ್ಕೆ ಲೆಕ್ಕ ಇದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ 'ಸಂಭವನೀಯತೆ' ಅನ್ನುತ್ತಾರೆ. ಹೆಸರು ಉದ್ದ, ಕೆಲಸ ಸುಲಭ. ಒಂದು ಸಂಗತಿ ಆಗುವುದಕ್ಕೆ ಎಷ್ಟು ಅವಕಾಶ ಇದೆ ಅಂತ ಎಣಿಸುವುದು. ಅಷ್ಟೇ. ಕೂಡುವುದು, ಗುಣಿಸುವುದು ಬಂದರೆ ಸಾಕು.

ಒಂದು ನಾಣ್ಯ

ಮೊದಲು ಒಂದು ನಾಣ್ಯ ತೆಗೆದುಕೊಳ್ಳೋಣ. ಒಂದು ಕಡೆ ಸಿಂಹ ಇದೆ. ಇನ್ನೊಂದು ಕಡೆ ಅಂಕಿ ಇದೆ. ಮೇಲಕ್ಕೆ ಚಿಮ್ಮಿದರೆ ಏನು ಬೀಳಬಹುದು? ಸಿಂಹ ಬೀಳಬಹುದು. ಅಂಕಿ ಬೀಳಬಹುದು. ಮೂರನೆಯದು ಇಲ್ಲ. ಎರಡಕ್ಕೂ ಅವಕಾಶ ಸಮ. ಆದ್ದರಿಂದ ಸಿಂಹ ಬೀಳುವ ಅವಕಾಶ ಎರಡರಲ್ಲಿ ಒಂದು. ಬರೆಯುವುದು ಹೀಗೆ: 1/2. ಅಂದರೆ ಅರ್ಧ.

ಹಾಗಾದರೆ ಹತ್ತು ಸಲ ಚಿಮ್ಮಿದರೆ ಸರಿಯಾಗಿ ಐದು ಸಿಂಹ, ಐದು ಅಂಕಿ ಬೀಳುತ್ತದೆಯೆ? ಇಲ್ಲ. ಅಲ್ಲೇ ಎಲ್ಲರೂ ಎಡವುವುದು. ನಾವು ಮಾಡಿ ನೋಡಿದೆವು. ಒಬ್ಬ ಅಕ್ಕ 20 ಸಲ ಚಿಮ್ಮಿದರು. 13 ಸಿಂಹ, 7 ಅಂಕಿ ಬಿತ್ತು. "ಟೀಚರಮ್ಮ, ನಿಮ್ಮ ಅರ್ಧ ಎಲ್ಲಿ ಹೋಯ್ತು?" ಅಂತ ಕೇಳಿದರು. ಆಮೇಲೆ 15 ಜನ ಒಬ್ಬೊಬ್ಬರೂ 20 ಸಲ ಚಿಮ್ಮಿ ಬರೆದೆವು. ಒಟ್ಟು 300 ಸಲ. ಕೂಡಿದಾಗ 154 ಸಿಂಹ, 146 ಅಂಕಿ. ಅರ್ಧಕ್ಕೆ ಹತ್ತಿರ ಬಂತು, ನೋಡಿದಿರಾ? ಸ್ವಲ್ಪ ಸಲ ಹಾಕಿದರೆ ಏರುಪೇರು ಹೆಚ್ಚು ಕಾಣುತ್ತದೆ. ಬಹಳ ಸಲ ಹಾಕಿದರೆ ಲೆಕ್ಕಕ್ಕೆ ಹತ್ತಿರ ಬರುತ್ತದೆ.

ಇನ್ನೊಂದು ಪ್ರಶ್ನೆ. ಮೂರು ಸಲ ಸತತವಾಗಿ ಸಿಂಹವೇ ಬಿತ್ತು. ನಾಲ್ಕನೆಯ ಸಲ ಏನು ಬೀಳಬಹುದು?

"ಇನ್ನು ಅಂಕಿಯೇ ಬೀಳಬೇಕು. ಅದರ ಸರದಿ ಬಂತು" ಅಂದರು ಕೆಲವರು. "ಇಲ್ಲ, ಸಿಂಹ ಹಿಡಿದು ಕೂತಿದೆ. ಮತ್ತೆ ಸಿಂಹವೇ" ಅಂದರು ಇನ್ನು ಕೆಲವರು. ಹತ್ತು ನಿಮಿಷ ಜಗಳವೇ ಆಯಿತು.

ಇಬ್ಬರದೂ ತಪ್ಪು. ನಾಣ್ಯ ಲೋಹದ ತುಂಡು. ಅದಕ್ಕೆ ಜ್ಞಾಪಕ ಇಲ್ಲ. ಹಿಂದಿನ ಸಲ ಏನು ಬಿದ್ದೆ ಅಂತ ಅದಕ್ಕೆ ಗೊತ್ತಿಲ್ಲ. ನಾಲ್ಕನೆಯ ಸಲವೂ ಅವಕಾಶ ಅರ್ಧವೇ. ನೂರನೆಯ ಸಲವೂ ಅರ್ಧವೇ. ಈ ಮಾತನ್ನು ನೆನಪಿಡಿ. ಮುಂದೆ ಎರಡು ಕಡೆ ಬೇಕಾಗುತ್ತದೆ.

ಬಳೆಯ ಚೀಲ ಮತ್ತು ಚೀಟಿ ಡಬ್ಬಿ

ಎಲ್ಲ ಅವಕಾಶವೂ ಅರ್ಧ ಇರುವುದಿಲ್ಲ. ಒಂದು ಬಟ್ಟೆ ಚೀಲದಲ್ಲಿ ನಾಲ್ಕು ಬಳೆ ಇವೆ ಅನ್ನೋಣ. ಮೂರು ಹಸಿರು, ಒಂದು ಕೆಂಪು. ಕಣ್ಣು ಮುಚ್ಚಿ ಒಂದು ತೆಗೆಯಿರಿ. ಹಸಿರು ಬರುವ ಅವಕಾಶ ನಾಲ್ಕರಲ್ಲಿ ಮೂರು, 3/4. ಕೆಂಪು ಬರುವುದು ನಾಲ್ಕರಲ್ಲಿ ಒಂದು, 1/4. ಹಳದಿ ಬಳೆ ಬರುವ ಅವಕಾಶ? ಒಳಗೆ ಹಳದಿಯೇ ಇಲ್ಲ. ಆದ್ದರಿಂದ ಸೊನ್ನೆ. ಗಾಜಿನ ಬಳೆ ಬರುವ ಅವಕಾಶ? ಎಲ್ಲವೂ ಗಾಜಿನದೇ. ಆದ್ದರಿಂದ ನಾಲ್ಕರಲ್ಲಿ ನಾಲ್ಕು. ಅಂದರೆ ಬಂದೇ ಬರುತ್ತದೆ. ಯಾವ ಅವಕಾಶವೂ ಸೊನ್ನೆಗಿಂತ ಕಡಿಮೆ ಇಲ್ಲ. ಒಂದಕ್ಕಿಂತ ಹೆಚ್ಚೂ ಇಲ್ಲ.

ನಾವು ಹಾಕುವ ಚೀಟಿಯಲ್ಲೂ ಇದೇ ಲೆಕ್ಕ. 20 ಜನ ಸೇರಿ ಚೀಟಿ ಹಾಕಿದ್ದೇವೆ. ಡಬ್ಬಿಯಲ್ಲಿ 20 ಹೆಸರು. ಮೊದಲ ತಿಂಗಳು ನಿಮ್ಮ ಹೆಸರು ಬರುವ ಅವಕಾಶ 20ರಲ್ಲಿ 1. ಬರಲಿಲ್ಲ. ಬಂದವರ ಹೆಸರು ತೆಗೆದಿಟ್ಟೆವು. ಎರಡನೆಯ ತಿಂಗಳು ಡಬ್ಬಿಯಲ್ಲಿ 19 ಹೆಸರು. ಈಗ ನಿಮ್ಮ ಅವಕಾಶ 19ರಲ್ಲಿ 1. ಹೀಗೆ ಪ್ರತಿ ತಿಂಗಳೂ ಏರುತ್ತದೆ. ಕೊನೆಯ ತಿಂಗಳು ಒಂದೇ ಹೆಸರು. ಬಂದೇ ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾಣ್ಯಕ್ಕೆ ಜ್ಞಾಪಕ ಇಲ್ಲ ಅಂದೆವು. ಚೀಟಿ ಡಬ್ಬಿಗೆ ಮಾತ್ರ ಒಂದು ಥರದ ಜ್ಞಾಪಕ ಇದೆ. ಯಾಕೆಂದರೆ ಬಂದ ಹೆಸರನ್ನು ನಾವು ಮತ್ತೆ ಒಳಗೆ ಹಾಕುವುದಿಲ್ಲ. ಒಳಗಿನದು ಬದಲಾಗುತ್ತದೆ, ಅವಕಾಶವೂ ಬದಲಾಗುತ್ತದೆ. ನಾಣ್ಯದಲ್ಲಿ ಏನೂ ಬದಲಾಗುವುದಿಲ್ಲ. ಇದೇ ವ್ಯತ್ಯಾಸ. ಬಹಳ ಜನ ಓದಿದವರೂ ಈ ಎರಡನ್ನು ಕಲಸಿಬಿಡುತ್ತಾರೆ.

ಎರಡು ನಾಣ್ಯ, ನಾಲ್ಕು ನಾಣ್ಯ

ಈಗ ಎರಡು ನಾಣ್ಯ. ಒಂದು ರೂಪಾಯಿಯದು ಒಂದು, ಎರಡು ರೂಪಾಯಿಯದು ಒಂದು. ಒಟ್ಟಿಗೆ ಚಿಮ್ಮಿದರೆ ಏನೇನು ಬೀಳಬಹುದು?

"ಎರಡೂ ಸಿಂಹ. ಎರಡೂ ಅಂಕಿ. ಇಲ್ಲಾಂದ್ರೆ ಒಂದೊಂದು. ಮೂರು ಥರ" ಅಂದರು ಹಾಲು ಹಾಕುವ ಅಕ್ಕ.

ನಿಧಾನವಾಗಿ ನೋಡೋಣ. ಒಂದು ರೂಪಾಯಿ ಸಿಂಹ, ಎರಡು ರೂಪಾಯಿ ಸಿಂಹ. ಇದು ಒಂದು ದಾರಿ. ಒಂದು ರೂಪಾಯಿ ಸಿಂಹ, ಎರಡು ರೂಪಾಯಿ ಅಂಕಿ. ಇದು ಎರಡನೆಯದು. ಒಂದು ರೂಪಾಯಿ ಅಂಕಿ, ಎರಡು ರೂಪಾಯಿ ಸಿಂಹ. ಇದು ಮೂರು. ಎರಡೂ ಅಂಕಿ. ಇದು ನಾಲ್ಕು. ಹಾಗಾಗಿ ದಾರಿ ನಾಲ್ಕು. 'ಒಂದೊಂದು' ಅನ್ನುವುದು ಎರಡು ದಾರಿಯಲ್ಲಿ ಬರುತ್ತದೆ. ಆದ್ದರಿಂದ ಅದು ನಾಲ್ಕರಲ್ಲಿ ಎರಡು. ಎರಡೂ ಸಿಂಹ ಬೀಳುವುದು ನಾಲ್ಕರಲ್ಲಿ ಒಂದೇ.

ಒಂದು ನಾಣ್ಯಕ್ಕೆ 2 ದಾರಿ. ಎರಡಕ್ಕೆ 4. ಇನ್ನೊಂದು ನಾಣ್ಯ ಸೇರಿಸಿದಾಗಲೆಲ್ಲ ದಾರಿ ಎರಡರಷ್ಟು ಆಗುತ್ತದೆ. ಮೂರಕ್ಕೆ 8. ನಾಲ್ಕಕ್ಕೆ 16.

ಈಗ ಚೌಕಾಬಾರಕ್ಕೆ ಬನ್ನಿ. ಕವಡೆಯ ಬದಲು ನಾಲ್ಕು ನಾಣ್ಯ. ಬಾಯಿಯ ಬದಲು ಸಿಂಹ. ಒಟ್ಟು ದಾರಿ 16. ಇದರಲ್ಲಿ ನಾಲ್ಕೂ ಸಿಂಹ ಬೀಳುವುದು ಒಂದೇ ದಾರಿ. ನಾಲ್ಕೂ ಅಂಕಿ ಬೀಳುವುದೂ ಒಂದೇ ದಾರಿ. ಒಂದೇ ಒಂದು ಸಿಂಹ ಬೀಳುವುದು? ಅದು ಮೊದಲನೆಯ ನಾಣ್ಯ ಇರಬಹುದು, ಎರಡನೆಯದು, ಮೂರನೆಯದು, ನಾಲ್ಕನೆಯದು. ನಾಲ್ಕು ದಾರಿ. ಮೂರು ಸಿಂಹ ಬೀಳುವುದೂ ಹೀಗೆಯೇ ನಾಲ್ಕು ದಾರಿ. ಅಲ್ಲಿ ಒಂದೇ ಒಂದು ಅಂಕಿ ಇರುತ್ತದೆ, ಅಷ್ಟೇ.

ಎರಡು ಸಿಂಹ ಬೀಳುವುದು ಎಷ್ಟು ದಾರಿ? ಇದನ್ನು ಹೀಗೆ ಯೋಚಿಸಿ. ಮನೆಯಲ್ಲಿ ನಾಲ್ಕು ಜನ ಹೆಂಗಸರು. ಅತ್ತೆ, ಸೊಸೆ, ನಾದಿನಿ, ಮಗಳು. ಇಬ್ಬರು ನೀರಿಗೆ ಹೋಗಬೇಕು. ಎಷ್ಟು ಜೋಡಿ ಆಗಬಹುದು? ಅತ್ತೆ–ಸೊಸೆ. ಅತ್ತೆ–ನಾದಿನಿ. ಅತ್ತೆ–ಮಗಳು. ಸೊಸೆ–ನಾದಿನಿ. ಸೊಸೆ–ಮಗಳು. ನಾದಿನಿ–ಮಗಳು. ಆರು ಜೋಡಿ. (ಅತ್ತೆ ನೀರಿಗೆ ಹೋಗೋದು ಯಾವ ಊರಲ್ಲಿ ಅಂತ ಒಬ್ಬರು ಕೇಳಿದರು. ಲೆಕ್ಕದಲ್ಲಿ ಹೋಗುತ್ತಾರೆ ಅಂದೆವು.) ನಾಣ್ಯದಲ್ಲೂ ಹಾಗೆಯೇ. ನಾಲ್ಕರಲ್ಲಿ ಎರಡು ಸಿಂಹ ಆಗುವುದು ಆರು ದಾರಿ.

ಕೂಡಿ ನೋಡಿ. 1, 4, 6, 4, 1. ಒಟ್ಟು 16. ಸರಿಹೋಯಿತು.

ಎರಡು ಬೀಳುವುದಕ್ಕೆ 16ರಲ್ಲಿ 6 ಅವಕಾಶ. ಚೌಕಕ್ಕೆ 16ರಲ್ಲಿ ಒಂದೇ. ಬೀಡಿ ಕಟ್ಟುವ ಅಕ್ಕನ ಕೈಗುಣ ಸರಿಯಾಗಿಯೇ ಇದೆ. ಎರಡಕ್ಕೆ ದಾರಿ ಹೆಚ್ಚು, ಅದಕ್ಕೇ ಎರಡು ಹೆಚ್ಚು ಬೀಳುತ್ತದೆ.

ನಾವು ನಾಲ್ಕು ನಾಣ್ಯ 32 ಸಲ ಹಾಕಿ ಬರೆದೆವು. ಲೆಕ್ಕದ ಪ್ರಕಾರ ಎರಡು ಬೀಳಬೇಕಾದದ್ದು 12 ಸಲ. ಬಿದ್ದದ್ದು 13 ಸಲ. ಚೌಕ ಬೀಳಬೇಕಾದದ್ದು 2 ಸಲ. ಬಿದ್ದದ್ದು 3. ಬಾರಾ ಒಂದೇ ಸಲ ಬಿತ್ತು.

ನಿಜವಾದ ಕವಡೆಯಲ್ಲಿ ಈ ಲೆಕ್ಕ ಪೂರ್ತಿ ಕೂಡುವುದಿಲ್ಲ. ಕವಡೆಯ ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ. ಎರಡು ಬದಿಗೂ ಅವಕಾಶ ಸಮ ಇರಬೇಕಾಗಿಲ್ಲ. ಒಂದೇ ಕವಡೆಯನ್ನು ನೂರು ಸಲ ಹಾಕಿ ಎಣಿಸಿದರೆ ಅದರ ಗುಣ ತಿಳಿಯುತ್ತದೆ. ಶಕುನಿಯ ದಾಳದ ಕತೆ ಗೊತ್ತಲ್ಲ? ಧರ್ಮರಾಯ ಒಂದೊಂದು ಸಲ ಸೋತಾಗಲೂ ಮುಂದಿನದು ನನ್ನದೇ ಅಂದುಕೊಂಡ. ದಾಳದಲ್ಲಿ ಮೋಸ ಇದೆಯೋ ಅಂತ ಎಣಿಸಿ ನೋಡಲಿಲ್ಲ. ಕೊನೆಗೆ ಹೆಂಡತಿಯನ್ನೇ ಪಣಕ್ಕೆ ಇಟ್ಟ. ಎಳೆದಾಟ ಅನುಭವಿಸಿದ್ದು ದ್ರೌಪದಿ.

ಓಸಿ ಚೀಟಿಯ ಲೆಕ್ಕ

ಈ ಕತೆ ಹೇಳುವಾಗ ಒಬ್ಬ ಅಕ್ಕ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮನೆಯವರು ದಿನಾ ಓಸಿ ಬರೆಸ್ತಾರೆ ಟೀಚರಮ್ಮ. ಏಳು ಬಂದು ಇಪ್ಪತ್ತು ದಿನ ಆಯ್ತಂತೆ. ನಾಳೆ ಬಂದೇ ಬರುತ್ತೆ ಅಂತ ನನ್ನ ಕೂಲಿ ದುಡ್ಡೂ ಇಸ್ಕೊಂಡು ಹೋದ್ರು."

ಓಸಿ, ಮಟ್ಕಾ ಎರಡೂ ಒಂದೇ ಜಾತಿ. ಕಾನೂನಿಗೆ ವಿರುದ್ಧ. ಅದು ಒಂದು ಮಾತು. ಲೆಕ್ಕ ಏನು ಹೇಳುತ್ತದೆ ಅಂತ ನೋಡೋಣ.

ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಹತ್ತು. ಏಳು ಬರುವ ಅವಕಾಶ ಹತ್ತರಲ್ಲಿ ಒಂದು. ಇಪ್ಪತ್ತು ದಿನ ಬರದಿದ್ದರೂ ನಾಳೆ ಹತ್ತರಲ್ಲಿ ಒಂದೇ. ನಾಣ್ಯದ ಹಾಗೆ ಇದಕ್ಕೂ ಜ್ಞಾಪಕ ಇಲ್ಲ. ಆಟ ಪ್ರಾಮಾಣಿಕವಾಗಿ ನಡೆಯುತ್ತದೆ ಅಂದುಕೊಂಡು ಹೇಳುವ ಮಾತು ಇದು. ಅಂಕಿ ತೆಗೆಯುವವನು ಅವನೇ. ಅವನು ಏನು ಮಾಡುತ್ತಾನೋ ನಾವು ನೋಡಿಲ್ಲ.

ಗೆದ್ದರೆ ಒಂದಕ್ಕೆ ಎಂಟು ಕೊಡುತ್ತಾನೆ ಅನ್ನೋಣ. ಹತ್ತು ಜನ ಹತ್ತು ಅಂಕಿಗೆ ಹತ್ತು ಹತ್ತು ರೂಪಾಯಿ ಕಟ್ಟಿದರು. ಕೂಡಿದ ಹಣ 100 ರೂಪಾಯಿ. ಯಾವ ಅಂಕಿ ಬಂದರೂ ಒಬ್ಬರೇ ಗೆಲ್ಲುವುದು. ಅವರಿಗೆ 80 ರೂಪಾಯಿ. ಉಳಿದ 20 ಅವನ ಜೇಬಿಗೆ. ಅವನು ಅದೃಷ್ಟ ನಂಬಿ ಕೂತಿಲ್ಲ. ಲೆಕ್ಕ ನಂಬಿ ಕೂತಿದ್ದಾನೆ.

ಈಗ ಒಬ್ಬರೇ ನೂರು ದಿನ ಆಡಿದರು. ದಿನಕ್ಕೆ ಹತ್ತು ರೂಪಾಯಿ. ಕಟ್ಟಿದ್ದು 1000 ರೂಪಾಯಿ. ನೂರರಲ್ಲಿ ಸುಮಾರು ಹತ್ತು ದಿನ ಗೆಲ್ಲಬಹುದು. ಬರುವುದು 800 ರೂಪಾಯಿ. ಹೋದದ್ದು 200. ಒಬ್ಬರು 13 ದಿನ ಗೆದ್ದು ಲಾಭ ಮಾಡಬಹುದು. ಇನ್ನೊಬ್ಬರು 7 ದಿನ ಮಾತ್ರ ಗೆದ್ದು ಹೆಚ್ಚು ಕಳೆದುಕೊಳ್ಳಬಹುದು. ಆದರೆ ಹೆಚ್ಚು ಹೆಚ್ಚು ಆಡಿದಷ್ಟೂ ಲೆಕ್ಕಕ್ಕೆ ಹತ್ತಿರ ಬರುತ್ತದೆ ಅಂತ ಆಗಲೇ ನೋಡಿದೆವು. ಇಲ್ಲಿ ಲೆಕ್ಕ ಅಂದರೆ ನಷ್ಟ.

ಗೆದ್ದ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಮಾಂಸ ಬರುತ್ತದೆ, ಮಕ್ಕಳಿಗೆ ತಿಂಡಿ ಬರುತ್ತದೆ. ಸೋತ ದಿನ ಯಾರಿಗೂ ಹೇಳುವುದಿಲ್ಲ. ಅದಕ್ಕೇ ಗೆಲ್ಲುವವರೇ ಹೆಚ್ಚು ಅನ್ನಿಸುತ್ತದೆ.

ಲಾಟರಿಯಲ್ಲಿ ಅವಕಾಶ ಇನ್ನೂ ಸಣ್ಣದು. ಆರು ಅಂಕಿಯ ಟಿಕೆಟ್ ಅಂದರೆ 000000ದಿಂದ 999999ರವರೆಗೆ. ಒಟ್ಟು ಹತ್ತು ಲಕ್ಷ ನಂಬರು. ಒಂದು ಟಿಕೆಟ್ಟಿಗೆ ಮೊದಲ ಬಹುಮಾನ ಬರುವ ಅವಕಾಶ ಹತ್ತು ಲಕ್ಷದಲ್ಲಿ ಒಂದು. ದಿನಕ್ಕೊಂದು ಟಿಕೆಟ್ ಕೊಂಡರೂ ಹತ್ತು ಲಕ್ಷ ಟಿಕೆಟ್ ಕೊಳ್ಳಲು 2,700 ವರ್ಷಕ್ಕಿಂತ ಹೆಚ್ಚು ಬೇಕು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದರು. ಆಮೇಲೆ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟ ಬಂತು. ಅದನ್ನು ನಿಷೇಧಿಸುವ ಕಾಯಿದೆಯನ್ನು ಕೇಂದ್ರ ಸರಕಾರ 2025ರಲ್ಲಿ ತಂದಿತು. ಆಟದ ಹೆಸರು ಬದಲಾಗುತ್ತದೆ. ಆಡಿಸುವವನು ತನ್ನ ಪಾಲು ಮೊದಲೇ ತೆಗೆದಿಟ್ಟುಕೊಳ್ಳುವುದು ಬದಲಾಗುವುದಿಲ್ಲ.

ನಮ್ಮ ಚೀಟಿಗೂ ಇದಕ್ಕೂ ಏನು ವ್ಯತ್ಯಾಸ? ಚೀಟಿಯಲ್ಲಿ ಕಟ್ಟಿದ ಹಣ ತಡವಾಗಿಯಾದರೂ ಪೂರ್ತಿ ನಮಗೇ ಬರುತ್ತದೆ. ಯಾವಾಗ ಅನ್ನುವುದು ಮಾತ್ರ ಅದೃಷ್ಟ. (ಚೀಟಿ ನಡೆಸುವವರು ಓಡಿಹೋಗಬಾರದು, ಅಷ್ಟೇ. ಅದು ಬೇರೆ ಪಾಠ.)

ಗಂಡೋ ಹೆಣ್ಣೋ

ಆವತ್ತು ಪಾಠ ಮುಗಿದರೂ ಹಾಲು ಹಾಕುವ ಅಕ್ಕ ಏಳಲಿಲ್ಲ. ಅವರಿಗೆ ಮೂರು ಹೆಣ್ಣು ಮಕ್ಕಳು. ಮನೆಯಲ್ಲಿ ದಿನಾ ಮಾತು. "ನಿನ್ನ ಹೊಟ್ಟೇಲಿ ಗಂಡು ನಿಲ್ಲಲ್ಲ. ಮಗನಿಗೆ ಬೇರೆ ಹೆಣ್ಣು ತರ್ತೀವಿ" ಅನ್ನುತ್ತಾರಂತೆ ಅತ್ತೆ. "ಇದಕ್ಕೂ ನಿಮ್ಮ ನಾಣ್ಯದಲ್ಲಿ ಲೆಕ್ಕ ಇದೆಯಾ?" ಅಂತ ಕೇಳಿದರು.

ಇದೆ.

ಮಗು ಗಂಡೋ ಹೆಣ್ಣೋ ಅನ್ನುವುದು ಹೇಗೆ ಗೊತ್ತಾಗುತ್ತದೆ? ತಾಯಿಯ ಅಂಡ, ತಂದೆಯ ವೀರ್ಯಾಣು ಸೇರಿ ಮಗು ಆಗುತ್ತದೆ. ತಾಯಿಯ ಅಂಡದಲ್ಲಿ ಯಾವಾಗಲೂ ಒಂದೇ ಥರದ ಗುರುತು ಇರುತ್ತದೆ. ಅದಕ್ಕೆ ಎಕ್ಸ್ ಅನ್ನುತ್ತಾರೆ. ತಂದೆಯ ವೀರ್ಯಾಣುಗಳಲ್ಲಿ ಎರಡು ಥರ. ಸುಮಾರು ಅರ್ಧದಲ್ಲಿ ಎಕ್ಸ್, ಅರ್ಧದಲ್ಲಿ ವೈ. ತಂದೆಯ ಎಕ್ಸ್ ಬಂದು ಸೇರಿದರೆ ಹೆಣ್ಣು. ತಂದೆಯ ವೈ ಬಂದು ಸೇರಿದರೆ ಗಂಡು. ಅಂದರೆ ನಾಣ್ಯ ಇರುವುದು ತಂದೆಯ ಕಡೆ. ತಾಯಿಯ ಕಡೆ ಇರುವುದು ಎರಡೂ ಬದಿ ಸಿಂಹವೇ ಇರುವ ನಾಣ್ಯ. ಹಾಗಂತ ಗಂಡನನ್ನು ಬೈಯುವುದೂ ಸರಿಯಲ್ಲ. ಯಾವುದು ಹೋಗಿ ಸೇರಬೇಕು ಅಂತ ಅವನು ಆರಿಸುವುದಿಲ್ಲ.

ಗಂಡಿಗೆ ಅರ್ಧ, ಹೆಣ್ಣಿಗೆ ಅರ್ಧ. ಬಹಳ ಸೂಕ್ಷ್ಮವಾಗಿ ಎಣಿಸಿದರೆ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ನಮ್ಮ ಲೆಕ್ಕಕ್ಕೆ ಅರ್ಧ ಅನ್ನೋಣ.

ಮೂರು ಮಕ್ಕಳು ಅಂದರೆ ಮೂರು ನಾಣ್ಯ. ದಾರಿ ಎಂಟು. ಮೂರೂ ಹೆಣ್ಣು ಆಗುವುದು ಎಂಟರಲ್ಲಿ ಒಂದು. ಮೂರು ಮಕ್ಕಳಿರುವ 80 ಮನೆ ಇದ್ದರೆ ಸುಮಾರು 10 ಮನೆಯಲ್ಲಿ ಮೂರೂ ಹೆಣ್ಣೇ ಇರುತ್ತವೆ. ಇನ್ನು ಸುಮಾರು 10 ಮನೆಯಲ್ಲಿ ಮೂರೂ ಗಂಡೇ ಇರುತ್ತವೆ. ಆ ಹತ್ತು ಮನೆಯ ಸೊಸೆಯರು ಪುಣ್ಯ ಮಾಡಿಲ್ಲ. ಈ ಹತ್ತು ಮನೆಯ ಸೊಸೆಯರು ಪಾಪ ಮಾಡಿಲ್ಲ. ನಾಲ್ಕೂ ಹೆಣ್ಣು ಆಗುವುದು 16ರಲ್ಲಿ ಒಂದು. ಬಾರಾ ಬೀಳುವಷ್ಟೇ ಅಪರೂಪ. ಆದರೆ ಆಟದಲ್ಲಿ ಬಾರಾ ಬೀಳದೆ ಇರುತ್ತದೆಯೆ?

"ಹಾಗಾದರೆ ನಾಲ್ಕನೆಯದು?"

ನಾಲ್ಕನೆಯದಕ್ಕೆ ಅರ್ಧ. ಮೂರು ಹೆಣ್ಣಾಯಿತು, ಇನ್ನು ಗಂಡಿನ ಸರದಿ ಅನ್ನುವುದು ಸುಳ್ಳು. ಇವಳಿಗೆ ಹೆಣ್ಣೇ ಆಗುವುದು ಅನ್ನುವುದೂ ಸುಳ್ಳು. ಬೇರೆ ಹೆಂಡತಿ ತಂದರೂ ಅವಳಿಗೂ ಅರ್ಧವೇ. ತಾಯತ ಕಟ್ಟಿದರೂ ಅರ್ಧ. ಗಂಡು ಮಗುವಿಗೆ ಔಷಧ ಕೊಡುತ್ತೇನೆ ಅನ್ನುವವರು ಹೇಳುವುದು ಅರ್ಧದಷ್ಟು ಸಲ ತಾನಾಗಿಯೇ ನಿಜವಾಗುತ್ತದೆ. ಉಳಿದ ಅರ್ಧ ಸಲ ನೀವು ಪಥ್ಯ ಮಾಡಲಿಲ್ಲ ಅನ್ನುತ್ತಾರೆ. ಅವರ ವ್ಯಾಪಾರ ನಡೆಯುವುದು ಹೀಗೆ.

ಸ್ಕ್ಯಾನಿಂಗ್ ಮಾಡಿಸಿ ಗಂಡೋ ಹೆಣ್ಣೋ ಅಂತ ಮೊದಲೇ ತಿಳಿದುಕೊಳ್ಳುವುದು ಅಪರಾಧ. ಅದಕ್ಕೆ 1994ರಲ್ಲೇ ಕಾಯಿದೆ ಆಗಿದೆ. ಆದರೂ ಮಾಡಿಸಿದ್ದಾರೆ. ಹೇಗೆ ಗೊತ್ತು? ಲೆಕ್ಕದಿಂದಲೇ. ಯಾರೂ ಕೈ ಹಾಕದಿದ್ದರೆ 1000 ಗಂಡು ಮಕ್ಕಳಿಗೆ ಸುಮಾರು 950 ಹೆಣ್ಣು ಮಕ್ಕಳು ಇರಬೇಕು. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಆರು ವರ್ಷದವರೆಗಿನ 1000 ಗಂಡು ಮಕ್ಕಳಿಗೆ 920 ಹೆಣ್ಣು ಮಕ್ಕಳೂ ಇರಲಿಲ್ಲ. ನಾಣ್ಯ ಅಷ್ಟು ಸಲ ಚಿಮ್ಮಿದ ಮೇಲೆ ಲೆಕ್ಕಕ್ಕೆ ಹತ್ತಿರ ಬರಲೇಬೇಕು. ಬರಲಿಲ್ಲ ಅಂದರೆ ಯಾರೋ ಕೈ ಹಾಕಿದ್ದಾರೆ.

ಮಾರನೆಯ ದಿನ ಹಾಲು ಹಾಕುವ ಅಕ್ಕ ತಮ್ಮ ಅತ್ತೆಯನ್ನೂ ಕರೆದುಕೊಂಡು ಬಂದರು. ಅತ್ತೆ ಬಾಗಿಲ ಹತ್ತಿರವೇ ಕೂತರು. ಎಕ್ಸ್, ವೈ ಅಂದಾಗ ಮುಖ ತಿರುಗಿಸಿಕೊಂಡರು. ನಾಣ್ಯ ಕೊಟ್ಟಾಗ ಮಾತ್ರ ಕೈಗೆ ತೆಗೆದುಕೊಂಡರು. ಮೂರು ನಾಣ್ಯ ಚಿಮ್ಮಿದರು. ಮತ್ತೆ ಚಿಮ್ಮಿದರು. ಐದನೆಯ ಸಲ ಮೂರೂ ಸಿಂಹ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ನಾನೇನೂ ಮಾಡ್ಲಿಲ್ಲ, ತಾನಾಗೇ ಬಿತ್ತು" ಅಂದರು. ಸೊಸೆ ಏನೂ ಹೇಳಲಿಲ್ಲ.

ನೀವೂ ಮಾಡಿ ನೋಡಿ. ನೋಟ್ ಪುಸ್ತಕದಲ್ಲಿ ಐದು ಕಂಬ ಎಳೆಯಿರಿ. ಮೇಲೆ 0, 1, 2, 3, 4 ಅಂತ ಬರೆಯಿರಿ. ನಾಲ್ಕು ನಾಣ್ಯ 48 ಸಲ ಹಾಕಿ. ಎಷ್ಟು ಸಿಂಹ ಬಿತ್ತೋ ಆ ಕಂಬದಲ್ಲಿ ಒಂದು ಗೆರೆ ಹಾಕಿ. ಲೆಕ್ಕದ ಪ್ರಕಾರ 3, 12, 18, 12, 3 ಬರಬೇಕು. ನಿಮಗೆ ಎಷ್ಟು ಬಂತು? ಮುಂದಿನ ಸೋಮವಾರ ತನ್ನಿ. ಎಲ್ಲರದ್ದೂ ಕೂಡೋಣ.